ಮುಂಜಾನೆ ಮಗು ನೋಡಿಕೊಳ್ಳುವವರು ದಿಢೀರ್ ಬಿಟ್ಟರೆ ಏನು ಮಾಡಬೇಕು?

ರವಿವಾರ ರಾತ್ರಿ ಒಂಬತ್ತೂಕಾಲಕ್ಕೆ ಫೋನ್ ಬಂತು. ನಾನು ಮರುದಿನದ ಚಪಾತಿಗೆ ಹಿಟ್ಟು ನಾದುತ್ತಿದ್ದೆ. "ತಂಗಿ, ತಪ್ಪು ತಿಳ್ಕೋಬ್ಯಾಡವಾ, ನಾಳಿಂದ ನನ್ನ ಕೈಲೆ ಆಗಂಗಿಲ್ಲ. ಮಗಳಿಗೆ ಡಾಕ್ಟರು ಹಾಸಿಗಿ ಬಿಟ್ಟು ಏಳಬ್ಯಾಡ ಅಂದಾರಂತ, ಮುಂಜಾನೆದ್ದು ಗದಗಿಗೆ ಹೊಂಟೀನಿ." ನಮ್ಮ ಓಣಿಯ ಕಾಕು. ಎರಡು ವರ್ಷದಿಂದ ನನ್ನ ಮಗಳು ದಿನಾ ಮುಂಜಾನೆ ಅವರ ಮನೆಯಲ್ಲೇ ನಾಷ್ಟಾ ಮಾಡಿ, ಜಡೆ ಹಾಕಿಸಿಕೊಂಡು, ಅವರ ಕಟ್ಟೆಯಿಂದಲೇ ಶಾಲೆಯ ಆಟೋ ಹತ್ತುತ್ತಿದ್ದಳು. ನಾನು "ಆಯ್ತು ಕಾಕು, ನೀವು ಚಿಂತಿ ಮಾಡಬ್ಯಾಡ್ರಿ" ಅಂದೆ. ಫೋನ್ ಇಟ್ಟ ಮೇಲೆ ಹಿಟ್ಟಿನ ಕೈಯಲ್ಲೇ ಸುಮ್ನೆ ನಿಂತುಬಿಟ್ಟೆ.

ನಾವಿರುವುದು ಹುಬ್ಬಳ್ಳಿಯ ನವನಗರದಲ್ಲಿ. ನಮ್ಮನೆಯವರು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾರೆ. ಅವರ ಕಂಪನಿ ಬಸ್ಸು 6:10ಕ್ಕೆ ಬರುತ್ತದೆ. ನಾನು ವಿದ್ಯಾನಗರದಲ್ಲಿ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು, ಅದರಲ್ಲೂ ಶುಗರ್ ಇರುವ ವಯಸ್ಸಾದವರು, ಬೆಳಗ್ಗೆಯೇ ಬಂದು ಬಾಗಿಲಲ್ಲಿ ಕೂತಿರುತ್ತಾರೆ. ಹಾಗಾಗಿ ಎಂಟಕ್ಕೆ ನಾನು ಅಲ್ಲಿರಲೇಬೇಕು. ಮಗಳಿಗೆ ಏಳು ವರ್ಷ, ಎರಡನೇ ತರಗತಿ. ಆಟೋ ಬರುವುದು 8:50ಕ್ಕೆ.

ಆ ರಾತ್ರಿ ಹನ್ನೊಂದರವರೆಗೆ ಏಳು ಜನಕ್ಕೆ ಫೋನ್ ಮಾಡಿದೆ. ಎಲ್ಲರಿಗೂ ಒಂದೇ ಮಾತು ಕೇಳಿದೆ: "ಮಗಳನ್ನ ಮುಂಜಾನಿ ನೋಡ್ಕೋತೀರೇನ್ರಿ?" ಏಳೂ ಜನ ಆಗಲ್ಲ ಅಂದರು. ಎರಡು ವಾರ ಬಿಟ್ಟು ಅವರಲ್ಲೇ ಇಬ್ಬರು ಒಪ್ಪಿಕೊಂಡರು. ಅವರೇನೂ ಬದಲಾಗಿರಲಿಲ್ಲ, ನಾನು ಕೇಳಿದ ರೀತಿ ಬದಲಾಗಿತ್ತು. ಮೊದಲ ಸಲ ವರ್ಷಪೂರ್ತಿಯ ಹೊಣೆಯನ್ನು ರಾತ್ರಿ ಹತ್ತಕ್ಕೆ ಫೋನಲ್ಲಿ ತಲೆ ಮೇಲೆ ಇಟ್ಟಿದ್ದೆ. ಎರಡನೇ ಸಲ "ಮಂಗಳವಾರ, ಗುರುವಾರ, ಐವತ್ತು ನಿಮಿಷ" ಅಂತ ಕೇಳಿದೆ. ಮುಂದೆ ಬರೆದಿರುವುದೆಲ್ಲ ಈ ಒಂದು ಪಾಠದ ಮೇಲೆ ನಿಂತಿದೆ: ಬಿಟ್ಟು ಹೋದವರ ಜಾಗಕ್ಕೆ ಅಂಥದ್ದೇ ಇನ್ನೊಬ್ಬರನ್ನು ಹುಡುಕಬೇಡಿ. ಮೊದಲು ಹೊತ್ತನ್ನು ಕಡಿಮೆ ಮಾಡಿ, ಉಳಿದದ್ದನ್ನು ತುಂಡು ಮಾಡಿ, ಆಮೇಲೆ ಜನರನ್ನು ಕೇಳಿ.

ಮೊದಲ ರಾತ್ರಿ: ನಾಳೆ ಒಂದು ದಿನದ ಮಾತು ಅಷ್ಟೇ

ಆ ರಾತ್ರಿ ವರ್ಷದ ಚಿಂತೆ ಮಾಡಬೇಡಿ. ನಾಳೆ ಮುಂಜಾನೆ ಯಾರು ಮನೆಯಲ್ಲಿರುತ್ತಾರೆ ಅನ್ನುವುದನ್ನು ತೀರ್ಮಾನಿಸಿ ಮಲಗಿ. ಗಂಡ ಹೆಂಡತಿ ಇಬ್ಬರೂ ಕೂತು ತೀರ್ಮಾನಿಸಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಇಂಥ ಹೊತ್ತಲ್ಲಿ ತಾಯಿಯೇ ರಜೆ ಹಾಕಬೇಕು ಅನ್ನುವುದು ಮಾತಿಲ್ಲದೇ ನಡೆದುಹೋಗುತ್ತದೆ. ಯಾರ ಕೆಲಸ ದೊಡ್ಡದು ಅಂತ ಅಳೆಯುತ್ತಾ ಕೂರಬೇಡಿ. ನಾಳೆ ಯಾರು ಇಲ್ಲದಿದ್ದರೆ ಜಾಸ್ತಿ ತೊಂದರೆ, ನಾಡಿದ್ದು ಯಾರು ಇಲ್ಲದಿದ್ದರೆ ಜಾಸ್ತಿ ತೊಂದರೆ ಅಂತ ದಿನ ದಿನಕ್ಕೆ ನೋಡಿ. ನಮ್ಮಲ್ಲಿ ಸೋಮವಾರ ನಾನು ರಜೆ ಹಾಕಿದೆ. ಮಂಗಳವಾರದಿಂದ ಅವರು ಜೊತೆಯ ಒಬ್ಬರ ಹತ್ತಿರ ಮಾತಾಡಿ ಆ ವಾರ ಎರಡನೇ ಪಾಳಿಗೆ ಬದಲಿಸಿಕೊಂಡರು. ಅದರ ಮುಂದಿನ ವಾರ ನಾನು ತಡವಾಗಿ ಹೋಗಲು ಒಪ್ಪಿಗೆ ತೆಗೆದುಕೊಂಡೆ. ಎರಡು ವಾರ ಕೈಗೆ ಸಿಕ್ಕಿತು. ಅಷ್ಟು ಸಾಕು.

ಆಫೀಸಿಗೆ ಏನು ಹೇಳಬೇಕು? ಮಗಳಿಗೆ ಜ್ವರ, ನನಗೆ ತಲೆನೋವು ಅಂತ ಸುಳ್ಳು ಹೇಳಬೇಡಿ. ಮೂರನೇ ದಿನ ಏನು ಹೇಳುತ್ತೀರಿ? ಇದ್ದದ್ದನ್ನು ಹೇಳಿ, ಜೊತೆಗೆ ಎಷ್ಟು ದಿನ ಅನ್ನುವುದನ್ನೂ ಹೇಳಿ. ನಾನು ಕಳಿಸಿದ ಮೆಸೇಜು ಹೀಗಿತ್ತು:

"ಸರ್, ಮಗಳನ್ನು ಮುಂಜಾನೆ ನೋಡಿಕೊಳ್ಳುತ್ತಿದ್ದವರು ತುರ್ತಾಗಿ ಊರಿಗೆ ಹೋಗಿದ್ದಾರೆ. ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಎರಡು ವಾರ ಬೇಕು. ನಾಳೆ ರಜೆ ಬೇಕು. ಮುಂದಿನ ವಾರ ಐದು ದಿನ 9:20ಕ್ಕೆ ಬರುತ್ತೇನೆ, ಸಂಜೆ ಅಷ್ಟೇ ಹೊತ್ತು ಹೆಚ್ಚಿಗೆ ಇರುತ್ತೇನೆ. ಮುಂಜಾನೆಯ ಸ್ಯಾಂಪಲ್ ಯಾರು ತೆಗೆದುಕೊಳ್ಳಬಹುದು ಅಂತ ಜೊತೆಯವರ ಹತ್ತಿರ ಮಾತಾಡಿದ್ದೇನೆ."

ಕೊನೆಯ ಸಾಲು ಮುಖ್ಯ. ನಿಮ್ಮ ಕೆಲಸ ಯಾರು ಮಾಡುತ್ತಾರೆ ಅನ್ನುವುದೇ ಮೇಲಿನವರ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಮೊದಲೇ ಇದ್ದರೆ ಮಾತು ಸಲೀಸಾಗುತ್ತದೆ.

ಹಾಳೆ ತೆಗೆದುಕೊಂಡು ನಿಮಿಷ ಬರೆಯಿರಿ

"ಮುಂಜಾನೆ ಯಾರೂ ಇಲ್ಲ" ಅನ್ನುವುದು ಕೇಳಲಿಕ್ಕೆ ಬೆಟ್ಟದಷ್ಟು ದೊಡ್ಡದು. ಬರೆದು ನೋಡಿದಾಗ ನಮ್ಮದು ಇಷ್ಟೇ ಇತ್ತು: ನಾನು ಮನೆ ಬಿಡುವುದು 7:25, ಆಟೋ ಬರುವುದು 8:50. ಬರೋಬ್ಬರಿ 85 ನಿಮಿಷ. ಮೊದಲು ಎರಡೂ ತುದಿಯಿಂದ ಅದನ್ನು ಕಡಿಮೆ ಮಾಡಿ.

ಆಟೋ ಕಡೆಯಿಂದ ಶುರು ಮಾಡಿ. ಶಾಲೆಯ ಆಟೋದವರು ಒಂದು ಸುತ್ತು ಹಾಕಿಕೊಂಡು ಮಕ್ಕಳನ್ನು ಹತ್ತಿಸಿಕೊಳ್ಳುತ್ತಾರೆ. ನಮ್ಮ ಮಗಳು ಆ ಸುತ್ತಿನಲ್ಲಿ ಕೊನೆಯವಳಾಗಿದ್ದಳು. "ಕಾಕಾ, ಈಕಿನ್ನ ಮೊದಲ ಹತ್ತಿಸ್ಕೊಂಡ್ರ ಆಗ್ತೇತೇನ್ರಿ?" ಅಂತ ಕೇಳಿದೆ. ಅವರು ಒಂದು ಕ್ಷಣ ಲೆಕ್ಕ ಹಾಕಿ, "8:25ಕ್ಕ ಬರ್ತೀನ್ರಿ, ಆದ್ರ ತಯಾರ ಇರಬೇಕ್ರಿ ಮತ್ತ" ಅಂದರು. 25 ನಿಮಿಷ ಉಳಿಯಿತು, ಒಂದು ರೂಪಾಯಿ ಖರ್ಚಿಲ್ಲ. ಮಗು ಆಟೋದಲ್ಲಿ ಕೂರುವ ಹೊತ್ತು ಜಾಸ್ತಿಯಾಗುತ್ತದೆ ಅನ್ನುವುದು ನಿಜ. ವಾಂತಿ ಮಾಡಿಕೊಳ್ಳುವ ಮಗುವಾದರೆ ಇದು ಬೇಡ. ಆಟೋದಲ್ಲಿ ಮಕ್ಕಳನ್ನು ಒತ್ತಿ ತುಂಬಿಸುತ್ತಿದ್ದರೆ ಇದೇ ನೆಪದಲ್ಲಿ ಬೇರೆ ಆಟೋ ನೋಡಿ.

ನಿಮ್ಮ ಕಡೆಯ ತುದಿಯನ್ನೂ ಎಳೆಯಿರಿ. ಎಂಟರ ಬದಲು 8:10ಕ್ಕೆ ಬರುತ್ತೇನೆ ಅಂತ ಲ್ಯಾಬ್‌ನಲ್ಲಿ ಕೇಳಿದೆ, ಒಪ್ಪಿದರು. ಹತ್ತು ನಿಮಿಷ ಕೇಳುವುದಕ್ಕೆ ನಾನು ಎರಡು ವರ್ಷ ಸಂಕೋಚ ಪಟ್ಟಿದ್ದೆ. ಹುಬ್ಬಳ್ಳಿ ಧಾರವಾಡದ ನಡುವೆ ದಿನಾ ಓಡಾಡುವವರು ಗಾಡಿ ಬಿಟ್ಟು ಚಿಗರಿ ಬಸ್ಸು ಹಿಡಿದು ನೋಡಿ. 2018ರಲ್ಲಿ ಶುರುವಾದ ಈ ಬಸ್ಸಿಗೆ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಹೆಚ್ಚಿನ ಕಡೆ ತನ್ನದೇ ಬೇರೆ ರಸ್ತೆ ಇದೆ. ಗಾಡಿಗಿಂತ ಬೇಗ ಮುಟ್ಟುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಟ್ರಾಫಿಕ್ಕಿನ ಅಂದಾಜಿಗೆ ಅಂತ ನಾವು ಕಾಲು ತಾಸು ಮುಂಚೆ ಮನೆ ಬಿಡುತ್ತೇವಲ್ಲ, ಆ ಕಾಲು ತಾಸು ಉಳಿಯುತ್ತದೆ.

ಹೀಗೆ ನಮ್ಮ 85 ನಿಮಿಷ 50ಕ್ಕೆ ಇಳಿಯಿತು.

ಶಾಲೆಯಲ್ಲೂ ಕೇಳಿ. ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಆಗ ಒಳಗೆ ದೊಡ್ಡವರು ಯಾರಿರುತ್ತಾರೆ, ಬೇಗ ಬಂದ ಮಕ್ಕಳು ಎಲ್ಲಿ ಕೂರಬಹುದು. ಗೇಟಿನಲ್ಲಿ ನಿಂತು ಸಿಪಾಯಿಯನ್ನು ಕೇಳಿದರೆ ಆಗುವುದಿಲ್ಲ, ಹೆಡ್‌ಮಾಸ್ಟರಿಗೋ ಅಕ್ಕೋರಿಗೋ ಒಂದು ಚೀಟಿ ಬರೆದು ಕೊಡಿ. ನಿಮ್ಮಂಥ ಇನ್ನೂ ಮೂರು ನಾಲ್ಕು ತಂದೆ ತಾಯಿ ಸಹಿ ಹಾಕಿದರೆ ಮಾತಿಗೆ ತೂಕ ಬರುತ್ತದೆ. ಒಪ್ಪದಿದ್ದರೆ ಗೇಟಿನ ಹೊರಗೆ ಬಿಟ್ಟು ಹೋಗಬೇಡಿ. "ಹತ್ತೇ ನಿಮಿಷ ಅಲ್ವಾ, ಬೇರೆ ಮಕ್ಕಳೂ ಇರುತ್ತಾರೆ" ಅನಿಸುತ್ತದೆ. ಬೇಡ. ಶಾಲೆಯ ಮುಂದೆ ಆ ಹೊತ್ತಿನಲ್ಲೇ ಆಟೋ, ವ್ಯಾನು, ಗಾಡಿ ಎಲ್ಲಾ ಹಿಂದೆ ಮುಂದೆ ತಿರುಗುತ್ತಿರುತ್ತವೆ.

ಶನಿವಾರವನ್ನು ಬೇರೆಯೇ ಬರೆದುಕೊಳ್ಳಿ. ಅವತ್ತು ಮುಂಜಾನೆ ಶಾಲೆ. ನಮ್ಮಂಥವರಿಗೆ ಬೆಳಗಿನ ಚಿಂತೆ ಹೋಗಿ ಹನ್ನೊಂದೂವರೆ ಹನ್ನೆರಡಕ್ಕೆ ಮಗು ಮನೆಗೆ ಬಂದಾಗ ಯಾರಿರುತ್ತಾರೆ ಅನ್ನುವ ಚಿಂತೆ ಶುರುವಾಗುತ್ತದೆ. ಹುಬ್ಬಳ್ಳಿ ಧಾರವಾಡದಲ್ಲಿದ್ದುಕೊಂಡು ಕುಂದಗೋಳ, ಕಲಘಟಗಿ, ನವಲಗುಂದದ ಹಳ್ಳಿ ಶಾಲೆಗಳಿಗೆ ಹೋಗುವ ಶಿಕ್ಷಕಿಯರಿಗೆ ಶನಿವಾರ ಎಲ್ಲಕ್ಕಿಂತ ಕಷ್ಟ. ತಮ್ಮ ಮಗು ಇನ್ನೂ ಹಾಸಿಗೆಯಲ್ಲಿರುವಾಗಲೇ ಅವರು ಬಸ್‌ಸ್ಟಾಪಿನಲ್ಲಿರಬೇಕು. ಗದಗಿನಿಂದಲೋ ಹಾವೇರಿಯಿಂದಲೋ ರೈಲು ಹಿಡಿದು ಹುಬ್ಬಳ್ಳಿಗೆ ಬರುವವರದ್ದೂ ಅದೇ ಪಾಡು. ಇವರಿಗೆಲ್ಲ ಹೊತ್ತು ಕಡಿಮೆ ಮಾಡಲು ಜಾಗ ಕಮ್ಮಿ. ಹಾಗಾಗಿ ಮುಂದಿನ ಹೆಜ್ಜೆಗೆ ಜಾಸ್ತಿ ಒತ್ತು ಕೊಡಬೇಕು.

ಯಾರನ್ನು ಕೇಳಬೇಕು

ಮೊದಲು ಅದೇ ಶಾಲೆಗೆ ಹೋಗುವ ಮಗುವಿರುವ ಮನೆ. ಅವರ ಮನೆಯಲ್ಲಿ ಆ ಹೊತ್ತಿಗೆ ಹೇಗೂ ಡಬ್ಬಿ ಕಟ್ಟುವುದು, ಬೂಟು ಹುಡುಕುವುದು ನಡೆದೇ ಇರುತ್ತದೆ. ಅಂಥವರ ಹತ್ತಿರ ದುಡ್ಡಿನ ಮಾತಿಗಿಂತ ಅದಲು ಬದಲಿನ ಮಾತು ಚಲೋ. ನಮ್ಮ ಓಣಿಯ ಕೊನೆ ಮನೆಯವರಿಗೆ ಮಂಗಳವಾರ, ಗುರುವಾರ ಮುಂಜಾನೆ ನನ್ನ ಮಗಳು. ಅದಕ್ಕೆ ಬದಲಾಗಿ ಸಂಜೆ ಎರಡು ದಿನ ಅವರ ಮಗ ನಮ್ಮ ಮನೆಯಲ್ಲಿ, ಹೋಮ್‌ವರ್ಕ್ ಸಮೇತ.

ಎರಡನೆಯದು, ಮುಂಜಾನೆ ಎದ್ದು ಮನೆಯಲ್ಲೇ ದುಡಿಯುವವರು. ನಮ್ಮ ಊರುಗಳಲ್ಲಿ ರೊಟ್ಟಿ ಬಡಿದು ಮಾರುವ ತಾಯಂದಿರು ಎಷ್ಟು ಜನ ಇದ್ದಾರೆ! ಸೋಮವಾರ, ಬುಧವಾರ, ಶುಕ್ರವಾರ ಈಗ ನನ್ನ ಮಗಳು ಅಂಥ ಒಬ್ಬರ ಮನೆಯಲ್ಲಿ ಕೂರುತ್ತಾಳೆ. ಏನಂತ ಕರೆಯಬೇಕು ಅಂತ ಹೇಳಿಕೊಡಬೇಕಾಗಲಿಲ್ಲ, ಮೊದಲ ದಿನದಿಂದಲೇ ಅವರು ಅವಳಿಗೆ "ಮಾವಶಿ" ಆಗಿಬಿಟ್ಟರು. ಮೊದಲ ದಿನ ನಾನೂ ಜೊತೆಗೆ ಕೂತು ನೋಡಿದೆ. ಬಡಿಯುವ ಸಪ್ಪಳ ಒಂದೇ ತಾಳದಲ್ಲಿ ನಡೆದಿತ್ತು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಲ್ಲಿ ನೀರು ಸವರಿ, ತಿರುವಿ, ಕೆಂಡದ ಮೇಲೆ ಇಟ್ಟರೆ ಅದು ಉಬ್ಬುತ್ತಿತ್ತು. ಪ್ರತಿ ಸಲ ಉಬ್ಬಿದಾಗಲೂ ನನ್ನ ಮಗಳು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡುತ್ತಿದ್ದಳು. ಆಮೇಲೆ ಅವಳಿಗೂ ನಿಂಬೆಹಣ್ಣಿನಷ್ಟು ಹಿಟ್ಟು ಸಿಕ್ಕಿತು. ನಾನು ಕೇಳಿಕೊಂಡದ್ದು ಒಂದೇ: ಒಲೆಯಿಂದ ದೂರ, ಬಾಗಿಲ ಹತ್ತಿರದ ಚಾಪೆಯೇ ಅವಳ ಜಾಗ. ಮಾವಶಿ ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಗೆರೆ ಎಳೆದರು. "ಈ ಗೆರಿ ದಾಟಿದ್ರ ರೊಟ್ಟಿ ಇಲ್ಲ ನೋಡವಾ." ಇವತ್ತಿಗೂ ಆ ಗೆರೆ ದಾಟಿಲ್ಲ.

ಮೂರನೆಯದು, ನಿವೃತ್ತರಾದವರು. ಧಾರವಾಡದಲ್ಲಂತೂ ಪ್ರತಿ ಓಣಿಗೆ ಒಬ್ಬ ನಿವೃತ್ತ ಮಾಸ್ತರು ಇದ್ದೇ ಇರುತ್ತಾರೆ. ಅವರಿಗೆ ಮಗುವನ್ನು "ನೋಡಿಕೊಳ್ಳಿ" ಅನ್ನಬೇಡಿ. "ಮುಂಜಾನೆ ಮುಕ್ಕಾಲು ತಾಸು ಮಗ್ಗಿ, ಓದು ಹೇಳಿಕೊಡ್ತೀರಾ ಸರ್" ಅಂತ ಕೇಳಿ. ಪಾಠವೂ ಆಗುತ್ತದೆ, ಮಗುವೂ ಸುರಕ್ಷಿತ. ಅವರ ವಾಕಿಂಗ್ ಹೊತ್ತು ಯಾವುದು ಅಂತ ಮಾತ್ರ ಮೊದಲೇ ತಿಳಿದುಕೊಳ್ಳಿ.

ಪಿಜಿಯಲ್ಲಿರುವ ಕಾಲೇಜು ಹುಡುಗಿಯರು, ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕೂಡ ಸಿಗುತ್ತಾರೆ. ಒಂದಿಷ್ಟು ರೊಕ್ಕ ಬಂದರೆ ಅವರಿಗೂ ಅನುಕೂಲ. ಆದರೆ ಅವರ ಕೋಚಿಂಗ್ ಕ್ಲಾಸೂ ಹೆಚ್ಚಾಗಿ ಮುಂಜಾನೆಯೇ ಇರುತ್ತದೆ, ಪರೀಕ್ಷೆ ಹತ್ತಿರ ಬಂದರೆ ಅವರಿಗೆ ಬಿಡುವಿರುವುದಿಲ್ಲ. ಎರಡು ದಿನದ ತುಂಡಿಗೆ ಸರಿ, ಪೂರ್ತಿ ವಾರಕ್ಕೆ ನಂಬಿಕೊಳ್ಳಬೇಡಿ.

ಅಜ್ಜಿ? ಎಲ್ಲರೂ ಮೊದಲು ಹೇಳುವುದು ಇದನ್ನೇ: "ಅತ್ತಿಯವರನ್ನ ಕರಸ್ಕೋರಿ." ನಾನು ಕೊನೆಗೆ ಹೇಳುತ್ತಿದ್ದೇನೆ, ಬೇಕಂತಲೇ. ಊರಲ್ಲಿ ಹೊಲ ಇರುವ ಮನೆಗೆ ಜೂನ್ ಅಂದರೆ ಮುಂಗಾರಿ ಬಿತ್ತನೆ, ಅದೇ ಹೊತ್ತಿಗೆ ಇಲ್ಲಿ ಶಾಲೆ ಶುರು. ಗಣೇಶನ ಹಬ್ಬದ ಸುಮಾರಿಗೆ ಹೆಸರು ಬಿಡಿಸುವುದು, ಸಂಕ್ರಾಂತಿ ಕಳೆದರೆ ಬ್ಯಾಡಗಿ ಕಡೆ ಮೆಣಸಿನಕಾಯಿ. ನಮ್ಮ ಅತ್ತೆಯವರು ಹಾವೇರಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಕರೆದರೆ ಮರುಮಾತಾಡದೇ ಬರುತ್ತಾರೆ. ಆದರೆ ಬಂದವರು ಮೂರನೇ ಮಹಡಿಯ ಮನೆಯಲ್ಲಿ ದಿನವಿಡೀ ಮಾತಿಗೆ ಯಾರೂ ಇಲ್ಲದೇ, ಮೊಣಕಾಲು ನೋವಿನಲ್ಲಿ, ಒಂದೂವರೆ ತಾಸಿನ ಕೆಲಸಕ್ಕೆ ಇಪ್ಪತ್ನಾಲ್ಕು ತಾಸು ಕೂರಬೇಕು. ಕರೆಯುವುದಾದರೆ ದಿನ ಹೇಳಿ ಕರೆಯಿರಿ: "ಹತ್ತು ದಿನ ಬರ್ರಿ ಅತ್ತಿ, ಅಷ್ಟರೊಳಗ ಏನರ ಮಾಡ್ತೀವಿ." ಹತ್ತು ದಿನ ಅಂದಿದ್ದರೆ ಹನ್ನೊಂದನೇ ದಿನ ಬಸ್ಸಿಗೆ ಕಳಿಸಿಕೊಡಿ.

ಒಂದು ಮಾತು ಖಡಾಖಂಡಿತ. ಊರಿಂದ ಸಣ್ಣ ಹುಡುಗಿಯೊಬ್ಬಳನ್ನು ಕರೆತಂದು ಮಗು ನೋಡಲು ಇಟ್ಟುಕೊಳ್ಳುವ ರೂಢಿ ಇನ್ನೂ ಅಲ್ಲಲ್ಲಿ ಇದೆ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ 2006ರಿಂದಲೇ ನಿಷೇಧ ಇದೆ, 2016ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. ಕಾನೂನು ಹಾಗಿರಲಿ, ನಮ್ಮ ಮಗು ಶಾಲೆಗೆ ಹೋಗಲಿ ಅಂತ ಇನ್ನೊಂದು ಮಗುವನ್ನು ಶಾಲೆಯಿಂದ ಬಿಡಿಸುವುದು ತಪ್ಪು.

ಒಪ್ಪಿದವರ ಮನೆಗೆ ಹೋಗಿ ಬನ್ನಿ

ಎಷ್ಟೇ ಪರಿಚಯ ಇರಲಿ, ಮಗು ಕೂರುವ ಜಾಗವನ್ನು ಕಣ್ಣಾರೆ ನೋಡಿ. ನೀರಿನ ಸಂಪಿಗೆ ಮುಚ್ಚಳ ಇದೆಯಾ? ನಮ್ಮ ಕಡೆ ನಳ ಬರುವುದು ಎಷ್ಟೋ ದಿನಕ್ಕೊಮ್ಮೆ, ಹಾಗಾಗಿ ಪ್ರತಿ ಮನೆಯಲ್ಲೂ ಸಂಪು, ಬ್ಯಾರಲ್ಲು, ಕೊಡಪಾನ ತುಂಬಿರುತ್ತವೆ. ನಳ ಬಂದ ಮುಂಜಾನೆ ಮುಚ್ಚಳ ತೆಗೆದಿಟ್ಟು ಪೈಪು ಹಾಕುತ್ತಾರೆ, ಎಲ್ಲರ ಗಮನವೂ ನೀರಿನ ಮೇಲೆ. ಸಣ್ಣ ಮಗುವಿಗೆ ಅದಕ್ಕಿಂತ ಅಪಾಯದ ಹೊತ್ತಿಲ್ಲ. "ನಳ ಬಂದ ದಿನ ಈಕಿ ಎಲ್ಲಿ ಕೂಡ್ತಾಳ?" ಅಂತ ನೇರವಾಗಿ ಕೇಳಿ. ಟೆರೇಸಿನ ಬಾಗಿಲು, ಒಲೆ, ಇಸ್ತ್ರಿ, ನಾಯಿ, ಇವನ್ನೂ ನೋಡಿ. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರ್ಯಾರು ಇರುತ್ತಾರೆ, ಯಾರು ಬಂದು ಹೋಗುತ್ತಾರೆ ಅಂತ ಕೇಳುವುದಕ್ಕೆ ನಾಚಿಕೆ ಬೇಡ. ಮೊದಲ ವಾರ ಒಂದು ದಿನ ಹೇಳದೇ ಹೋಗಿ ಬನ್ನಿ.

ಸಂಜೆ ಮಗುವನ್ನು "ಚೆನ್ನಾಗಿತ್ತಾ?" ಅಂತ ಕೇಳಿದರೆ "ಹೂಂ" ಅಂತಷ್ಟೇ ಬರುತ್ತದೆ. "ಇವತ್ತು ಎಲ್ಲಿ ಕೂತಿದ್ದಿ? ಯಾರು ಬಂದಿದ್ರು? ಏನು ತಿಂದಿ?" ಅಂತ ಕೇಳಿ. ಅಲ್ಲಿಗೆ ಹೋಗುವುದಿಲ್ಲ ಅಂತ ಒಂದೇ ಸಮನೆ ಹಟ ಹಿಡಿದರೆ ಬೈಯಬೇಡಿ, ಕಾರಣ ಸಿಗುವವರೆಗೆ ಕಳಿಸಬೇಡಿ. ಮಗುವಿಗೆ ತೊಂದರೆಯಾಗುತ್ತಿದೆ ಅನ್ನುವ ಅನುಮಾನ ಬಂದರೆ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ನಡೆಯುವ ಮಕ್ಕಳ ಸಹಾಯವಾಣಿ ಅದು.

ರೊಕ್ಕದ ಮಾತು ಬಾಯಿಬಿಟ್ಟು ಆಡಿ

"ನಮ್ಮವರೇ ಅಲ್ವಾ, ರೊಕ್ಕದ ಮಾತು ಹೇಗೆ ಎತ್ತೋದು" ಅನ್ನುವ ಸಂಕೋಚ ಎರಡೂ ಕಡೆ ಇರುತ್ತದೆ. ನೀವೇ ಎತ್ತಿ. ಮಾವಶಿಗೆ ನಾನು ತಿಂಗಳಿಗೆ 1500 ರೂಪಾಯಿ ಕೊಡುತ್ತೇನೆ, ಒಂದನೇ ತಾರೀಕು, ದಸರಾ ಸೂಟಿ ಇದ್ದರೂ ಕಡಿಯುವುದಿಲ್ಲ. ನಾಷ್ಟಾ ಮನೆಯಿಂದಲೇ ಕಟ್ಟಿ ಕಳಿಸುತ್ತೇನೆ, ಅವರ ರೊಟ್ಟಿ ಅವರ ದುಡಿಮೆ. ಒಂದು ಮಾತು ಮೊದಲೇ ಆಡಿಕೊಂಡಿದ್ದೇವೆ: ಬಿಡುವುದಾದರೆ ಇಬ್ಬರೂ ಹದಿನೈದು ದಿನ ಮುಂಚೆ ಹೇಳಬೇಕು, ತುರ್ತು ಬಂದರೆ ಹಿಂದಿನ ರಾತ್ರಿ ಎಂಟರೊಳಗೆ. ಕಾಕು ಜೊತೆ ಈ ಮಾತು ನಾನು ಎಂದೂ ಆಡಿರಲಿಲ್ಲ. ಮಗಳ ಬಸಿರಲ್ಲಿ ತೊಂದರೆ ಇದೆ ಅನ್ನುವುದು ಅವರಿಗೆ ತಿಂಗಳ ಹಿಂದೆಯೇ ಗೊತ್ತಿತ್ತಂತೆ. ಕೇಳಿದ್ದರೆ ಹೇಳುತ್ತಿದ್ದರು.

ಕೆಲಸದ ಕಡೆ ಏನು ಸಿಗುತ್ತದೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ 2021ರಿಂದ ಇಡೀ ಸೇವೆಯಲ್ಲಿ 180 ದಿನದ ಶಿಶುಪಾಲನಾ ರಜೆ ಇದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 730 ದಿನ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇರುವುದರಿಂದ ಇದು ನಮ್ಮಲ್ಲಿ ಎಷ್ಟೋ ಮನೆಗೆ ಸೇರಿದ ಮಾತು. ಕೇಂದ್ರದ ರಜೆಯನ್ನು ಒಂದು ಸಲಕ್ಕೆ ಐದು ದಿನಕ್ಕಿಂತ ಕಮ್ಮಿ ಕೊಡುವುದಿಲ್ಲ, ಒಬ್ಬರೇ ಮಗು ಬೆಳೆಸುತ್ತಿರುವ ತಂದೆಗೂ ಅದು ಸಿಗುತ್ತದೆ. ಈ ರಜೆ ದಿನಾ ಮುಂಜಾನೆಯ ಒಂದು ತಾಸಿಗೆ ಉಪಯೋಗಕ್ಕೆ ಬರುವುದಿಲ್ಲ. ಹೊಸ ವ್ಯವಸ್ಥೆ ಹುಡುಕಲು ವಾರವೋ ಹತ್ತು ದಿನವೋ ಬೇಕಲ್ಲ, ಅದಕ್ಕೆ ಬಳಸಿ.

ಖಾಸಗಿಯಲ್ಲಿದ್ದವರಿಗೆ: 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು ಅನ್ನುವುದು 2017ರ ತಿದ್ದುಪಡಿಯಿಂದ ಕಾನೂನಿನಲ್ಲಿದೆ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಒಬ್ಬರೇ ಕೇಳಿದರೆ "ನೋಡೋಣ" ಅನ್ನುತ್ತಾರೆ, ನಾಲ್ಕು ಜನ ಸೇರಿ ಬರೆದು ಕೇಳಿ. ಅಂಗನವಾಡಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಚಲೋ, ಆದರೆ ಬಾಗಿಲು ತೆಗೆಯುವುದು ಒಂಬತ್ತೂವರೆಯ ಸುಮಾರಿಗೆ. ಮುಂಜಾನೆಯ ಗಂಟು ಅದರಿಂದ ಬಿಚ್ಚುವುದಿಲ್ಲ.

ಮಗುವಿಗೆ ಹೇಳಿ, ಸರಿಯಾಗಿ ಹೇಳಿ

ನಾನು ದೊಡ್ಡ ತಪ್ಪು ಮಾಡಿದ್ದು ಇಲ್ಲಿ. ಮೂರು ದಿನ ಫೋನು, ಮೆಸೇಜು, ರಜೆ ಅಂತಲೇ ಓಡಾಡಿದೆ. ಮಗಳಿಗೆ "ಕಾಕು ಊರಿಗೆ ಹೋಗ್ಯಾರ" ಅಂದಿದ್ದು ಬಿಟ್ಟರೆ ಏನೂ ಹೇಳಲಿಲ್ಲ. ಗುರುವಾರ ರಾತ್ರಿ ಮಲಗಿಸುವಾಗ ಗೋಡೆ ಕಡೆ ಮುಖ ಮಾಡಿಕೊಂಡು ಕೇಳಿದಳು: "ಮಮ್ಮಿ, ನಾ ಅವತ್ತ ಹಾಲು ಚೆಲ್ಲಿದ್ನೆಲ್ಲ, ಅದಕ್ಕ ಕಾಕು ಸಿಟ್ಟಾಗ್ಯಾರೇನು?"

ಮೂರು ದಿನದಿಂದ ಆ ಮಗು ಇದನ್ನು ಒಳಗೇ ಇಟ್ಟುಕೊಂಡಿತ್ತು. ದಿನಾ ಜಡೆ ಹಾಕುತ್ತಿದ್ದ ಕೈ ಒಂದು ಮುಂಜಾನೆ ಇದ್ದಕ್ಕಿದ್ದಂತೆ ಇಲ್ಲವಾದರೆ ಮಗು ಕಾರಣವನ್ನು ತನ್ನಲ್ಲೇ ಹುಡುಕುತ್ತದೆ. ಆ ರಾತ್ರಿಯೇ ಕಾಕುಗೆ ವಿಡಿಯೋ ಕಾಲ್ ಮಾಡಿಸಿದೆ. "ನನ್ನ ಬಂಗಾರಾ, ನಿನ್ನ ಮ್ಯಾಲೆ ಯಾಕ ಸಿಟ್ಟಾಗ್ಲಿ, ನನ್ನ ಮಗಳಿಗೆ ಆರಾಮಿಲ್ಲವಾ, ಅದಕ್ಕ ಬಂದೇನಿ" ಅಂತ ಅವರು ಹೇಳಿದ ಮೇಲೆ ಮಗಳು ಎರಡು ಪ್ರಶ್ನೆ ಕೇಳಿ, ನಿದ್ದೆ ಹೋದಳು. ಸಾಧ್ಯವಾದರೆ ಬಿಟ್ಟು ಹೋಗುವವರ ಬಾಯಿಂದಲೇ ಮಗುವಿಗೆ ಕಾರಣ ಹೇಳಿಸಿ, ಮೊದಲ ದಿನವೇ.

ನಾಳೆ ಏನು ಅನ್ನುವುದೂ ಮಗುವಿಗೆ ಗೊತ್ತಿರಬೇಕು. ನಾವು ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ವಾರದ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದೆವು. ಸೋಮವಾರದ ಮನೆಯಲ್ಲಿ ರೊಟ್ಟಿ, ಮಂಗಳವಾರದ ಮನೆಯಲ್ಲಿ ಆ ಮನೆಯ ಹುಡುಗನ ಸೈಕಲ್ಲು, ಶನಿವಾರಕ್ಕೆ ಅಪ್ಪನ ಮೀಸೆ. ಚಿತ್ರ ಬರೆದವಳು ಅವಳೇ. ರಾತ್ರಿ ಮಲಗುವ ಮುಂಚೆ ಹೋಗಿ ನಾಳೆಯ ಚಿತ್ರ ಮುಟ್ಟಿ ಬರುತ್ತಾಳೆ.

ಮಗುವನ್ನು ಒಂಟಿಯಾಗಿ ಬಿಡಬಹುದಾ ಅಂತ ಬಹಳ ಜನ ಮೆಲ್ಲಗೆ ಕೇಳುತ್ತಾರೆ. ಏಳು, ಎಂಟು ವರ್ಷಕ್ಕೆ ಬೇಡವೇ ಬೇಡ, ಟಿವಿ ಹಚ್ಚಿ ಹೊರಗಿನಿಂದ ಕೀಲಿ ಹಾಕಿ ಹೋಗುವುದಂತೂ ಎಂದಿಗೂ ಬೇಡ. ಬೆಂಕಿ, ಹೊಗೆ ಏನಾದರೂ ಆದರೆ ಮಗು ಹೊರಗೆ ಬರುವುದು ಹೇಗೆ? ಹನ್ನೆರಡು ಹದಿಮೂರರ ಮಗು, ತಿಳಿವಳಿಕೆ ಇದ್ದರೆ, ಅರ್ಧ ತಾಸಿಗೆ ಸರಿ ಅನ್ನುವುದು ನನ್ನ ಅಭಿಪ್ರಾಯ. ಗ್ಯಾಸು ರೆಗ್ಯುಲೇಟರಿನಲ್ಲೇ ಬಂದ್ ಇರಲಿ, ಪಕ್ಕದ ಮನೆಯವರಿಗೆ ಗೊತ್ತಿರಲಿ, ಶಾಲೆ ಮುಟ್ಟಿದ್ದು ನಿಮಗೆ ತಿಳಿಯುವಂತಿರಲಿ. ಆ ಮಗುವಿನ ಕೈಗೆ ತಮ್ಮನನ್ನೋ ತಂಗಿಯನ್ನೋ ಒಪ್ಪಿಸಬೇಡಿ.

ಮುಂಜಾನೆಯ ಕೆಲಸ ರಾತ್ರಿಗೆ ತಳ್ಳಿ

ಪಾಟಿಚೀಲ, ಯೂನಿಫಾರ್ಮು, ಸಾಕ್ಸು, ನೀರಿನ ಬಾಟಲಿ ರಾತ್ರಿಯೇ ಬಾಗಿಲ ಹತ್ತಿರ. ಬೇರೆಯವರ ಮನೆಗೆ ಕಳಿಸುವ ದಿನ ಚೆಲ್ಲದ, ಬಿಸಿ ಮಾಡಬೇಕಿಲ್ಲದ ನಾಷ್ಟಾ ಕಟ್ಟಿ: ಅವಲಕ್ಕಿ, ಚಪಾತಿಗೆ ಶೇಂಗಾ ಚಟ್ನಿ ಬೆಲ್ಲ ಸುತ್ತಿದ್ದು. ಜಡೆ ಹಾಕುವುದನ್ನು ನಮ್ಮನೆಯವರು ಆ ಮೊದಲ ವಾರ ಕಲಿತರು, ಈಗ ನನಗಿಂತ ಬಿಗಿಯಾಗಿ ಹಾಕುತ್ತಾರೆ. ಗಾಡಿಯಲ್ಲಿ ಮಗುವನ್ನು ಬಿಡಲು ಹೋಗುವವರು, ಎಷ್ಟೇ ಅವಸರ ಇದ್ದರೂ, ಹೆಲ್ಮೆಟ್ ಹಾಕಿಸಿ. ನಾಲ್ಕು ವರ್ಷದೊಳಗಿನ ಮಗುವಾದರೆ ಹೆಲ್ಮೆಟ್ ಜೊತೆಗೆ ನಿಮಗೆ ಕಟ್ಟಿಕೊಳ್ಳುವ ಬೆಲ್ಟೂ ಬೇಕು, ವೇಗ 40 ಕಿಲೋಮೀಟರ್ ದಾಟಬಾರದು. 2022ರಲ್ಲಿ ಬಂದ ನಿಯಮ ಇದು.

ಎರಡನೇ ಸಲ ತಪ್ಪಿದರೆ

ತಪ್ಪುತ್ತದೆ. ಮಾವಶಿಗೆ ಜ್ವರ ಬರುತ್ತದೆ, ಕೊನೆ ಮನೆಯವರು ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ. ಅದಕ್ಕೇ ಫ್ರಿಜ್ಜಿನ ಪಟ್ಟಿಯ ಕೆಳಗೆ ಮೂರು ಹೆಸರು, ಮೂರು ನಂಬರು, ಯಾರಿಗೆ ಮೊದಲು ಫೋನ್ ಮಾಡಬೇಕು ಅನ್ನುವ ಸಾಲು ಬರೆದಿಡಿ. ನಮ್ಮದರಲ್ಲಿ ಮೊದಲು ಕೊನೆ ಮನೆಯವರು ಅಥವಾ ಮಾವಶಿ, ಅವತ್ತು ಯಾರ ದಿನ ಅಲ್ಲವೋ ಅವರು. ಆಮೇಲೆ ಕೆಳಗಿನ ಮನೆಯ ನಿವೃತ್ತ ಮಾಸ್ತರು. ಅವರೂ ಇಲ್ಲದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರ ರಜೆ, ಹೋದ ಸಲ ಹಾಕದವರ ಸರದಿ. ಪಟ್ಟಿಯಲ್ಲಿರುವ ಎಲ್ಲರನ್ನೂ ಆಟೋ ಕಾಕಾಗೆ ಮುಖ ಪರಿಚಯ ಮಾಡಿಸಿ. ಬೇರೆ ಯಾರೇ ಬಂದು "ಮಗೂನ್ನ ನಾ ಕರಕೊಂಡ ಹೊಕ್ಕೀನಿ" ಅಂದರೂ ನಿಮಗೆ ಫೋನ್ ಮಾಡದೇ ಬಿಟ್ಟುಕೊಡಬಾರದು ಅಂತ ಹೇಳಿಡಿ.

ಈ ಇಡೀ ಲೆಕ್ಕವನ್ನು ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿಯುವ ಹೊತ್ತಿಗೇ, ಮತ್ತೊಮ್ಮೆ ಕೂತು ಬರೆಯಿರಿ. ಹೊಸ ತರಗತಿಗೆ ಶಾಲೆಯ ಹೊತ್ತು ಬದಲಾಗಬಹುದು, ಆಟೋದ ಸುತ್ತು ಬದಲಾಗಬಹುದು, ಕೊನೆ ಮನೆಯವರು ಮನೆ ಬದಲಿಸಬಹುದು. ಮೇ ತಿಂಗಳಲ್ಲಿ ಮದುವೆ, ಜಾತ್ರೆ, ಊರು ಅಂತ ಯಾರೂ ಮಾತಿಗೆ ಸಿಗುವುದಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ, ಚಹಾ ಕುಡಿದು, "ಜೂನಿಂದ ನಿಮಗ ಆಗ್ತೇತೇನ್ರಿ, ಯಾವ ದಿನ ಆಗ್ತೇತಿ?" ಅಂತ ಕೇಳಿ ಬನ್ನಿ.